ರಣಹದ್ದಿನ ನಡಿಗೆ

ಸೊಂಟದಿಂದ ಹೊರಟು ತೊಡೆ, ಮಂಡಿ, ಮೀನಖಂಡಗಳನ್ನು ಕ್ರಮವಾಗಿ ಹಾಯ್ದು ಪಾದದವರೆಗೂ ಇಳಿಯುವ ನೋವಿಗೆ ನಮ್ಮ ಪ್ರಾಚೀನ ವೈದ್ಯರು ಗೃಧ್ರಸೀ ಎಂದು ಹೆಸರಿಟ್ಟರು. ಗೃಧ್ರವೆಂದರೆ ರಣಹದ್ದು. ಈ ವ್ಯಾಧಿ ಹಿಡಿದವನು ನೆಲದ ಮೇಲೆ ನಡೆಯುವ ಹದ್ದಿನಂತೆ ಒಂದು ಪಕ್ಕಕ್ಕೆ ವಾಲಿ ಹೆಜ್ಜೆಯಿಡುವುದೇ ಆ ಹೆಸರಿಗೆ ಕಾರಣವೆಂದು ಹೇಳುವರು. ಚರಕಸಂಹಿತೆಯು ಇದನ್ನು 80 ವಾತವ್ಯಾಧಿಗಳಲ್ಲಿ ಎಣಿಸಿ, ನೋವು ಇಳಿಯುವ ದಾರಿಯನ್ನು ಒಂದೊಂದು ಅಂಗದ ಹೆಸರು ಹಿಡಿದು ಹೇಳಿದೆ. ನಾವು ಆ ವರ್ಣನೆಯನ್ನು ಓದಿದುದು ನೋವು ಬಂದ ಮೇಲೆ. ಯಾರೋ ನಮ್ಮ ಎಡಗಾಲನ್ನೇ ಎದುರಿಗಿಟ್ಟುಕೊಂಡು ಬರೆದಂತೆ ತೋರಿತು. ಈಗಿನವರು ಇದನ್ನು ಸಯಾಟಿಕಾ ಎನ್ನುತ್ತಾರೆ.

ವೇಮಗಲ್ಲಿನ ಸುತ್ತಣ ಹಳ್ಳಿಗಳಲ್ಲಿ ಬೆನ್ನು ಬಗ್ಗಿಸದೆ ಅನ್ನ ಹುಟ್ಟುವುದಿಲ್ಲ. ಟೊಮೇಟೊ ಬೆಳೆದವನು 15 ಕಿಲೋ ತೂಕದ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಗಾಡಿಗೆ ತುಂಬಬೇಕು. ಹಸು ಕಟ್ಟಿದವರು ಎರಡು ಹೊತ್ತೂ ಕುಕ್ಕರುಗಾಲಿನಲ್ಲಿ ಕುಳಿತು ಹಾಲು ಕರೆಯಬೇಕು. ನಮ್ಮದು ರೇಷ್ಮೆಯ ಮನೆ. ಹುಳುವು ನಾಲ್ಕನೆಯ ಜ್ವರದಿಂದೆದ್ದ ಮೇಲೆ ಹಣ್ಣಾಗುವವರೆಗಿನ ಏಳೆಂಟು ದಿನಗಳಲ್ಲಿ ತನ್ನ ಜನ್ಮದ ಆಹಾರದಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ಸೊಪ್ಪು ತರುವವನಿಗೆ ಕಾಲು ನೋವೆಂದರೆ ಹುಳುವಿಗೆ ಅದು ತಿಳಿಯದು. ನಮಗೆ ನೋವು ಬಂದದ್ದು ಸರಿಯಾಗಿ ಆ ವಾರದಲ್ಲಿಯೇ. ಹಿಪ್ಪುನೇರಳೆಯ ಹೊರೆಯನ್ನು ಇಳಿಸುವಾಗ ಸೊಂಟದಲ್ಲಿ ಏನೋ ಹಿಡಿದಂತಾಯಿತು, ಮರುದಿನ ಬೆಳಗಿಗೆ ಕಾಲಿನುದ್ದಕ್ಕೂ ಕಾದ ಸಲಾಕೆ ಎಳೆದಂತಹ ಉರಿ.

ಆ ಬೆಳೆಯನ್ನು ಉಳಿಸಿದವರು ಮನೆಯ ಹೆಂಗಸರು. ಅವರ ಸೊಂಟವೂ ಸೊಂಟವೇ ಎಂಬುದನ್ನು ಮಲಗಿದ್ದಲ್ಲಿಂದ ನೋಡುವುದು ನೋವಿಗಿಂತ ಕಷ್ಟವಾಗಿತ್ತು.

ಕೋಲಾರದಲ್ಲಿ ಚಿತ್ರ ತೆಗೆಸಿದೆವು. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಗಳಿರುತ್ತವೆ. ಅವುಗಳಲ್ಲಿ ಕೆಳಗಿನದೊಂದರ ಒಳತಿರುಳು ಹೊರಕ್ಕೆ ಚಾಚಿ ಕಾಲಿಗಿಳಿಯುವ ನರದ ಬೇರನ್ನು ಒತ್ತುತ್ತಿದೆಯೆಂದು ಬರೆದಿದ್ದರು. ಆ ನರವು ನಮ್ಮ ಶರೀರದಲ್ಲೆಲ್ಲ ದಪ್ಪನಾದುದು. ಈ ವ್ಯಾಧಿಯು ನರಕ್ಕೆ ಸಂಬಂಧಿಸಿದ್ದೆಂದು 1764ರಲ್ಲಿಯೇ ಇಟಲಿಯ ಕೊಟುನ್ಯೊ ಎಂಬ ವೈದ್ಯನು ಗ್ರಂಥ ಬರೆದನು. ಮೆತ್ತೆಯೇ ಬಹಳ ಸಲ ಅಪರಾಧಿಯೆಂದು ಅಮೆರಿಕೆಯ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು 1934ರಲ್ಲಿ ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯ ಕಾಲ ಅಲ್ಲಿಂದ ಮುಂದೆ ಭರದಿಂದ ನಡೆಯಿತು.

ನಮಗೂ ಒಬ್ಬರು ಶಸ್ತ್ರವೈದ್ಯರು ಕೂಡಲೆ ಆಗಬೇಕೆಂದರು. ಮನೆಯಲ್ಲಿ ಲೆಕ್ಕ ಹಾಕಿದಾಗ ಎರಡು ಹಸುಗಳೂ, ಮುಂದಿನ ಬೆಳೆಯ ದುಡ್ಡೂ ಅದಕ್ಕೆ ಹೋಗುವಂತೆ ಕಂಡಿತು. ಹಸುವೆಂದರೆ ಹಾಲಿನ ಡೈರಿಯಿಂದ ಬರುವ ತಪ್ಪದ ವರಮಾನ. ಬೇರೊಬ್ಬ ವೈದ್ಯರನ್ನು ಕಂಡೆವು. ಅವರು ಚಿತ್ರವನ್ನು ಆಮೇಲೆ ನೋಡಿದರು. ಮೊದಲು ನಮ್ಮನ್ನು ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿಸಿದರು, ಹೆಬ್ಬೆರಳನ್ನು ಮೇಲಕ್ಕೆಳೆಯ ಹೇಳಿ ತಮ್ಮ ಕೈಯಿಂದ ಒತ್ತಿ ಬಲವನ್ನು ಅಳೆದರು, ಮೂತ್ರ ತಡೆಯುವುದೋ ತಿಳಿಯದೆ ಹೋಗುವುದೋ ಎಂದು ಕೇಳಿದರು. “ಯಜಮಾನರೆ, ಕಾಲಿನಲ್ಲಿ ಶಕ್ತಿಯಿದೆ. ಆರು ವಾರ ನೋಡೋಣ. ಹೊರಕ್ಕೆ ಬಂದ ತಿರುಳನ್ನು ಶರೀರವೇ ಕರಗಿಸಿಕೊಳ್ಳುವುದು ಹೆಚ್ಚು,” ಎಂದರು.

ಇದು ಬರಿಯ ಸಮಾಧಾನದ ಮಾತಲ್ಲ. ನಾರ್ವೆ ದೇಶದ ವೆಬರ್ ಎಂಬ ವೈದ್ಯನು 1983ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರೇ ಮುಂದಿದ್ದರೂ ಹತ್ತು ವರ್ಷಗಳ ಹೊತ್ತಿಗೆ ಇಬ್ಬಗೆಯವರಲ್ಲಿ ಹೇಳಿಕೊಳ್ಳುವ ಭೇದವಿರಲಿಲ್ಲ. ನೆದರ್‌ಲೆಂಡ್ಸಿನವರು 2007ರಲ್ಲಿ 283 ರೋಗಿಗಳನ್ನು ಕುರಿತು ಬರೆದುದೂ ಹೀಗೆಯೇ: ಬೇಗನೆ ಶಸ್ತ್ರ ಮಾಡಿಸಿದವರ ನೋವು ಬೇಗ ಇಳಿಯಿತು, ವರ್ಷದ ಕೊನೆಗೆ ಇಬ್ಬರೂ ಸಮ. ಆದರೆ ಕಾದವರಲ್ಲಿ ನೂರಕ್ಕೆ 39 ಮಂದಿ ಕಡೆಗೆ ಶಸ್ತ್ರಕ್ಕೇ ಹೋದರೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕಾಯುವುದೆಂದರೆ ಮಲಗುವುದೆಂದು ಬಂಧುಗಳು ತಿಳಿದರು. ವೈದ್ಯರು ಅದನ್ನೇ ಬೇಡವೆಂದದ್ದು. ತೀರ ಆಗದ ಎರಡು ಮೂರು ದಿನ ಬಿಟ್ಟು, ಮಿಕ್ಕ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ನಡೆಯಬೇಕು. ಮೊದಲು ಹಟ್ಟಿಯ ಬಾಗಿಲವರೆಗೆ, ವಾರದ ಮೇಲೆ ಬೀದಿಯ ಕೊನೆಗೆ, ತಿಂಗಳಿಗೆ ಕೆರೆಯ ಕಟ್ಟೆಗೆ. ಒಂದೇ ಕಡೆ ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ನಿದ್ರೆ ಬರುತ್ತದೆ. ಇದೊಂದನ್ನು ಮೊದಲ ದಿನವೇ ಯಾರಾದರೂ ಹೇಳಬಾರದಾಗಿತ್ತೆ! ನೋವಿನ ಗುಳಿಗೆ ಕೆಲವು ದಿನ ಮಾತ್ರ, ಅದೂ ಊಟವಾದ ಮೇಲೆ. ಮೂರನೆಯ ವಾರದಿಂದ ಬೆನ್ನಿನ ವ್ಯಾಯಾಮ. ಕಾಲಿಗಿಳಿದ ನೋವು ಸೊಂಟದ ಕಡೆಗೆ ಹಿಂದಿರುಗಿದರೆ ಅದು ಒಳ್ಳೆಯ ಲಕ್ಷಣವೆಂದು ಹೇಳಿಕೊಟ್ಟರು. ನೋವು ಮೇಲಕ್ಕೆ ಹತ್ತಿದ ದಿನ ಮನೆಯವರೆಲ್ಲ ಹಬ್ಬದಂತೆ ಸಂತೋಷಪಟ್ಟದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಬೀದಿಯ ಅಜ್ಜಿಯೊಬ್ಬರು ಲಕ್ಕಿ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟರು. “ಇಕ್ಕೊಳಪ್ಪ, ಬಿಸಿ ತಾಗಲಿ,” ಎಂದರು. ಶಾಖವು ಒತ್ತಿದ ನರವನ್ನು ಬಿಡಿಸುವುದೆಂದು ನಾವು ನಂಬುವುದಿಲ್ಲ; ಬಿಗಿದ ಸ್ನಾಯು ಸಡಿಲುವುದು ನಿಜ. ಆದರೆ ಬೆನ್ನನ್ನು ತುಳಿದು, ಸೊಂಟವನ್ನು ಲಟಕ್ಕನೆ ತಿರುಗಿಸುವೆನೆಂದು ಬಂದವರನ್ನು ಕೈಮುಗಿದು ಕಳುಹಿಸಿದೆವು.

ನಮ್ಮೂರಿನ ಕಡೆಯ ಟೊಮೇಟೊ ಬೆಳೆಗಾರರೊಬ್ಬರಿಗೂ ಅದೇ ವ್ಯಾಧಿ. ಅವರ ಪಾದವು ಜೋಲತೊಡಗಿ ಚಪ್ಪಲಿ ಜಾರುತ್ತಿತ್ತು. ಅವರು ತಡಮಾಡದೆ ಶಸ್ತ್ರ ಮಾಡಿಸಿಕೊಂಡರು, ಸರಿಯಾದುದನ್ನೇ ಮಾಡಿದರು. ಪಾದದ ಬಲ ಕುಗ್ಗುತ್ತ ಹೋದರೆ, ಇಲ್ಲವೆ ಮಲಮೂತ್ರದ ಹಿಡಿತ ತಪ್ಪಿ, ಕುಳಿತಾಗ ನೆಲ ತಾಗುವ ಭಾಗ ಮರಗಟ್ಟಿದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಅಲ್ಲಿ ಗಂಟೆಗಳ ಲೆಕ್ಕವೇ ಹೊರತು ವಾರಗಳದಲ್ಲ. ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಬಿದ್ದ ಪೆಟ್ಟು ಇವು ಜೊತೆಗಿದ್ದರೂ ಕಾಯತಕ್ಕದ್ದಲ್ಲ.

ನಮಗೆ ಆರು ವಾರ ಸಾಲದೆ ಹನ್ನೊಂದು ವಾರ ಹಿಡಿಯಿತು. ಎಂಟನೆಯ ವಾರದಲ್ಲೊಂದು ರಾತ್ರಿ, ಹಸುಗಳನ್ನು ಮಾರಿಬಿಡೋಣವೆಂದು ನಾವೇ ಹೇಳಿದ್ದುಂಟು. ಹಸುಗಳು ಇನ್ನೂ ಹಟ್ಟಿಯಲ್ಲಿವೆ. ಸೊಪ್ಪಿನ ಹೊರೆ ಈಗ ಅರ್ಧಕ್ಕಿಳಿದು, ಒಂದು ಸಲ ತರುತ್ತಿದ್ದುದನ್ನು ಎರಡು ಸಲ ತರುತ್ತೇವೆ. ಹೊರೆಯನ್ನು ಎದೆಗವಚಿ ಮಂಡಿ ಮಡಿಸಿಯೇ ಇಳಿಸುತ್ತೇವೆ. ಎಡಪಾದದ ಹೊರಅಂಚು ಮಾತ್ರ ಮಾಘದ ಚಳಿಯ ಬೆಳಗಿನಲ್ಲಿ ಇಂದಿಗೂ ಜುಮ್ಮೆನ್ನುತ್ತದೆ.