ರಾಲೀ ನಗರದ ಮೆಟ್ಟಿಲುಗಳು

ಅಮೆರಿಕಾ ದೇಶದ ಉತ್ತರ ಕೆರೊಲಿನಾ ಸಂಸ್ಥಾನಕ್ಕೆ ರಾಜಧಾನಿಯಾದ ರಾಲೀ ಪಟ್ಟಣವು ಓಕ್ ವೃಕ್ಷಗಳಿಗೆ ಪ್ರಸಿದ್ಧವಾದುದು. ಅಲ್ಲಿಯ ವಿಶ್ವವಿದ್ಯಾನಿಲಯದ ಕೆಂಪಿಟ್ಟಿಗೆಯ ಕಟ್ಟಡಗಳನ್ನು ನೋಡುತ್ತ ಹೋದ ನಮ್ಮ ಲಕ್ಷ್ಯವು ಗೋಡೆಗಳಿಗಿಂತ ಮೆಟ್ಟಿಲುಗಳಲ್ಲಿಯೇ ನಿಂತಿತು. ರೊನಾಲ್ಡ್ ಮೇಸ್ ಎಂಬವರು ವಾಸ್ತುಶಿಲ್ಪವನ್ನು ಕಲಿತುದು ಇಲ್ಲಿಯೇ. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಅವರನ್ನು ಪಾಠಕ್ಕಾಗಿ ಇತರರು ಎತ್ತಿಕೊಂಡೇ ಮೆಟ್ಟಿಲು ಹತ್ತಿಸಿ ಇಳಿಸಬೇಕಾಗಿತ್ತು. ಮನೆ ಕಟ್ಟುವ ವಿದ್ಯೆಯನ್ನು ಕಲಿಸುವ ಮನೆಗೇ ವಿದ್ಯಾರ್ಥಿಯು ತಾನಾಗಿ ಪ್ರವೇಶಿಸಲಾರನೆಂದರೆ ಎಂತಹ ವಿಪರ್ಯಾಸ!

೧೯೬೬ರಲ್ಲಿ ಪದವೀಧರರಾದ ಮೇಸ್‌ರವರು ೧೯೮೯ರಲ್ಲಿ ಅದೇ ವಿದ್ಯಾಲಯದಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅವರೂ ಸಂಗಡಿಗರೂ ೧೯೯೭ರಲ್ಲಿ ರಚಿಸಿದ ಏಳು ಸೂತ್ರಗಳನ್ನು ಇಂದು ನಾನಾ ದೇಶಗಳ ವಾಸ್ತುವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಅಶಕ್ತರಿಗೆಂದು ಹಿತ್ತಲ ಬಾಗಿಲನ್ನು ಬೇರೆ ಮಾಡಬಾರದು. ಎಲ್ಲರೂ ಒಂದೇ ಬಾಗಿಲಿನಿಂದ, ಹೆಚ್ಚು ಶ್ರಮವಿಲ್ಲದೆ ಬರುವಂತಿರಬೇಕು. ಕೈತಪ್ಪಿದರೂ ಅಪಾಯವಾಗಬಾರದು—ಅವುಗಳ ಸಾರಾಂಶವು ಇಂತಹುದು. ಹನ್ನೆರಡು ಅಂಗುಲ ಉದ್ದಕ್ಕೆ ಒಂದಂಗುಲ ಮಾತ್ರವೇ ಏರುವ ಇಳಿಜಾರು ಗಾಲಿಕುರ್ಚಿಗೆ ಹೇಗೋ ಹಾಗೆಯೇ ಮಗುವಿನ ತಳ್ಳುಗಾಡಿಗೂ ಅನುಕೂಲವಷ್ಟೆ.

ಮೇಸ್‌ರವರು ೧೯೯೮ರಲ್ಲಿ ತೀರಿಕೊಂಡರು. ಹೊಸ ಮನೆಗೆ ಆಯವನ್ನು ನೋಡುವ ನಮ್ಮ ಗೃಹಸ್ಥರು ಹೊಸಲಿನ ಎತ್ತರವನ್ನೂ ನೋಡಿದರೆ, ಮನೆಯ ಅಜ್ಜಿಗೆ ಅಂಗಳವು ಪರದೇಶವಾಗದು.