ಅಂಜಿಕೆಗೂ ಒಂದು ಮಾತೃಭಾಷೆ

ರಾಯಿಕೋಡಿನ ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ರಾತ್ರಿ ಮನೆಯ ಮುಂದೆ ವಾಹನ ನಿಂತ ಸದ್ದಾದರೆ ಇಂದಿಗೂ ಎದ್ದು ಕುಳಿತು, ಬಾಗಿಲಿನ ಅಗುಳಿಯನ್ನು ಕತ್ತಲೆಯಲ್ಲೇ ಮುಟ್ಟಿ ನೋಡುತ್ತಾರೆ. ಮೊಮ್ಮಕ್ಕಳು ಅದನ್ನು ಮುಪ್ಪಿನ ಚಟವೆಂದು ನಗುತ್ತಾರೆ. ಆದರೆ ಅದು ಬಾಲ್ಯದಲ್ಲಿ ಹತ್ತಿದ ಅಂಜಿಕೆ.

1948ರಲ್ಲಿ ಅವರು ಏಳೆಂಟು ವರ್ಷದ ಹುಡುಗ. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಆಗ ನಿಜಾಮರ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸುದ್ದಿ ಊರೂರಿಗೆ ಮುಟ್ಟಿತು. ಹುಡುಗನ ಮನೆಯವರು ಒಂದು ರಾತ್ರಿ ಕಣಕಿಯ ಬಣವೆಯಲ್ಲಿ ಅಡಗಿ, ಮರುರಾತ್ರಿ ಎತ್ತಿನ ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೊರಟರು. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿದು, ರಜಾಕಾರರ ಆಟ ನಿಂತಿತು. ಆದರೆ ಭಯ ಮನೆ ಬದಲಿಸಿತು, ಅಷ್ಟೆ. ಆ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿಯು, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು.

ಹುಡುಗ ಊರಿಗೆ ಮರಳಿದಾಗ ಓರಗೆಯ ಗೆಳೆಯನ ಮನೆಗೆ ಬೀಗ ಬಿದ್ದಿತ್ತು. ಆ ಗೆಳೆಯ ಮುಸಲ್ಮಾನ. ಅವನ ಕುಟುಂಬ ಹೈದರಾಬಾದಿಗೆ ಹೋಗಿ, ವರ್ಷ ಕಳೆದ ಮೇಲೆ ಹಿಂದಿರುಗಿತು. ಇಬ್ಬರ ಮನೆಯಲ್ಲೂ ಹಿರಿಯರ ಮಾತು ಒಂದೇ ಆಗಿತ್ತು: “ಹೋಗಿದ್ದು ಹೋಯ್ತು, ಹಳೀ ಮಾತ್ ಯಾಕ್ ತೆಗಿತಿ?” ಆಡು ಮೇಯಿಸುತ್ತ ಕೆರೆಯ ಏರಿಯ ಮೇಲೆ ಕುಳಿತ ಒಂದು ಸಂಜೆ, ತಾನು ಬಣವೆಯಲ್ಲಿ ಅಡಗಿದ್ದನ್ನು ಇವನು ಹೇಳಿದ. ನಿಂತ ಜೋಳದ ಬೆಳೆಯಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದನ್ನು ಅವನು ಹೇಳಿದ. ಇಬ್ಬರನ್ನೂ ಮುಚ್ಚಿ ಕಾಪಾಡಿದ್ದು ಅದೇ ಜೋಳ. ಆ ರಾತ್ರಿ ಮೊದಲ ಬಾರಿಗೆ ಕಣ್ತುಂಬ ನಿದ್ದೆ ಬಂತೆಂದು ಹಿರಿಯರು ನೆನೆಯುತ್ತಾರೆ.

ಆ ಸಂಜೆಗೆ ಯಾರೂ ಚಿಕಿತ್ಸೆಯೆಂದು ಹೆಸರಿಡಲಿಲ್ಲ. ಆದರೂ ಇಂದು ಯುದ್ಧದಿಂದ ಓಡಿಬಂದ ಮಕ್ಕಳಿಗಾಗಿ ತಜ್ಞರು ರೂಪಿಸಿರುವ ಗುಂಪು ಚಿಕಿತ್ಸೆಯ ಬೇರು ಅಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 15 ವರ್ಷದವರಿಗಾಗಿ ಸಿದ್ಧಪಡಿಸಿದ ಒಂದು ಕ್ರಮದಲ್ಲಿ ಮಕ್ಕಳಿಗೆ ಏಳು ಬೈಠಕ್, ಪಾಲಕರಿಗೆ ಮೂರು. ಜೋರ್ಡಾನಿನಲ್ಲಿ ಸಿರಿಯಾದ ನಿರಾಶ್ರಿತ ಮಕ್ಕಳೊಂದಿಗೆ ಅದನ್ನು ಪರೀಕ್ಷಿಸಲಾಗಿದೆ. ಭಾವನೆಗೆ ಹೆಸರಿಡುವುದು, ಉಸಿರನ್ನು ನಿಧಾನಗೊಳಿಸುವುದು, ಸಮಸ್ಯೆಯನ್ನು ಬಿಡಿಸಿ ನೋಡುವುದು — ಇವೇ ಅದರ ಪಾಠಗಳು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೂ ಅದನ್ನು ನಡೆಸಬಲ್ಲರು. ಗುಂಪಿನಲ್ಲಿ ಕುಳಿತ ಮಗುವಿಗೆ ಮೊದಲು ತಿಳಿಯುವುದು, ಈ ಅಂಜಿಕೆ ತನ್ನೊಬ್ಬನ ದೋಷವಲ್ಲ ಎಂಬುದು.

ಆದರೆ ಪರದೇಶದ ಪಾಠವನ್ನು ಹಾಗೆಯೇ ತಂದು ಸುರಿದರೆ ಅದು ಮಗುವಿನ ಮನಸ್ಸಿಗೆ ಇಳಿಯದು. “ನೆಮ್ಮದಿಯ ಜಾಗವೊಂದನ್ನು ನೆನೆ, ಕಡಲ ತೀರ ಕಾಣಲಿ” ಎಂದರೆ, ಸುನಾಮಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗು ನಡುಗೀತು. ಕಡಲನ್ನೇ ಕಾಣದ ಜಹೀರಾಬಾದಿನ ಮಗು ಸುಮ್ಮನೆ ನೋಡೀತು. ಝರಾಸಂಗಮದ ಜಾತ್ರೆಯಲ್ಲಿ ಅಜ್ಜನ ಹೆಗಲೇರಿದ ನೆನಪು ಈ ಮಗುವಿಗೆ ನೆಮ್ಮದಿ ತಂದೀತು. “ಖಿನ್ನತೆಯಿದೆಯೇ?” ಎಂಬ ಪ್ರಶ್ನೆಗೆ ಇಲ್ಲಿನ ತಾಯಿ ಉತ್ತರಿಸಲಾರಳು. “ಕೂಸಿಗಿ ಅಂಜಿಕಿ ಹೊಕ್ಕದೇನು?” ಎಂದರೆ ಆಕೆ ಕುಳಿತು ಎಲ್ಲವನ್ನೂ ಹೇಳುತ್ತಾಳೆ. ಟಿಬೆಟಿನವರು ಇಂಥ ಕಳವಳವನ್ನು ದೇಹದೊಳಗಿನ ಗಾಳಿ ಕೆಟ್ಟಿತೆಂದು ಹೇಳುತ್ತಾರೆ. 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ ನೆಲೆ ಕಂಡ ಆ ನಿರಾಶ್ರಿತರು ಗುಡಿಸಲುಗಳ ಜೊತೆಗೆ ಮಠ, ಶಾಲೆ, ಹಬ್ಬಗಳನ್ನೂ ಕಟ್ಟಿಕೊಂಡರು. ಅವರ ಮಕ್ಕಳಿಗೆ ಪರನಾಡಿನಲ್ಲೂ ತಮ್ಮ ನುಡಿಯಲ್ಲಿ ಅಳುವ ಅವಕಾಶ ಉಳಿಯಿತು.

ಕಾನೂನು ಕೂಡ ಇಷ್ಟನ್ನು ಬಲ್ಲದು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿಜ. ಆದರೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಚಿಕಿತ್ಸೆಯ ಲಾಭ–ಅಪಾಯಗಳನ್ನು ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಹೇಳಿ ಪಡೆದ ಒಪ್ಪಿಗೆಯೇ ಒಪ್ಪಿಗೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತನಾಡಬಹುದು.

ಗಡಿಯ ಈಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ತಂದೆ-ತಾಯಿಗಳನ್ನು, ಇದರಿಂದ ನೌಕರಿ ಸಿಕ್ಕೀತೇ ಎಂದು ಕೇಳುವವರು ಬಹಳ. ನೌಕರಿಯ ಲೆಕ್ಕ ಬೇರೆ. ಆದರೆ ಎದೆಯೊಳಗಿನ ಅಂಜಿಕೆಯನ್ನು ಮಗು ಮೊದಲು ಬಿಚ್ಚುವುದು ಯಾವ ಭಾಷೆಯಲ್ಲಿ ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವವರು ಕಡಿಮೆ.

ಹಿರಿಯರ ಗೆಳೆಯ ಈಗಿಲ್ಲ. ಕಳೆದ ಬೇಸಿಗೆಯಲ್ಲಿ ಮೊಮ್ಮಗಳು, “ಅಜ್ಜಾ, ಅಗುಳಿ ಯಾಕ್ ಮುಟ್ಟಿ ನೋಡ್ತಿ?” ಎಂದು ಕೇಳಿದಳು. ಹಳೆಯ ಮಾತು ಯಾಕೆಂದು ಅವರು ಗದರಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬಣವೆಯ ಕಥೆಯಿಂದ ಆರಂಭಿಸಿದರು.