ಸೇರುವುದು, ಸೇರಿಸುವುದು

‘ಜಾಯಿನ್’ ಎಂಬ ಇಂಗ್ಲಿಷ್ ಪದ ನನಗೆ ಅನ್ನ ಕೊಟ್ಟ ಪದ. ಬ್ಯಾಂಕಿಗೆ ಬಂದ ಮೊದಲ ದಿನ ಬರೆದುಕೊಟ್ಟದ್ದು ಜಾಯಿನಿಂಗ್ ರಿಪೋರ್ಟು. ಆಮೇಲೆ ತೆರೆದುಕೊಟ್ಟ ಜಾಯಿಂಟ್ ಅಕೌಂಟುಗಳಿಗೆ ಲೆಕ್ಕವಿಲ್ಲ. ಆದರೂ ಆ ಪದದ ಅರ್ಥವನ್ನು ನಾನು ಯೋಚಿಸಿದ್ದು, ಕೆಲಸಕ್ಕೆಂದು ಜಕಾರ್ತಕ್ಕೆ ಹೋದ ಅಕ್ಕನ ಮಗ ಒಂದು ಇಂಗ್ಲಿಷ್-ಇಂಡೋನೇಷ್ಯನ್ ನಿಘಂಟನ್ನು ತಂದುಕೊಟ್ಟ ಮೇಲೆಯೇ.

ಇಂಗ್ಲಿಷು ಒಂದೇ ಪದದಲ್ಲಿ ಮುಗಿಸುವ ಕೆಲಸಕ್ಕೆ ಆ ಭಾಷೆಯಲ್ಲಿ ಹಲವು ಪದಗಳು. ತುಂಡಾದ ಹಗ್ಗದ ತುದಿಗೆ ತುದಿ ಕೂಡಿಸುವುದಕ್ಕೆ ಮೂಲಪದ ‘ಸಂಬುಂಗ್’. ಹೊರಟವರ ಜೊತೆ ತಾನೂ ಹೊರಟರೆ ‘ಇಕುತ್’. ಸಂಘಕ್ಕೋ ಪಕ್ಷಕ್ಕೋ ಸೇರಿದರೆ ‘ಬೆರ್ಗಬುಂಗ್’. ಮೈಯ ಕೀಲಿಗೆ ‘ಸೆಂದಿ’. ನಮ್ಮ ಸಂಧಿವಾತದ ‘ಸಂಧಿ’ಯೇ ಕಡಲು ದಾಟಿದೆ! ಜಾಯಿಂಟ್ ಅಕೌಂಟಿಗೆ ‘ರೆಕೆನಿಂಗ್ ಬೆರ್ಸಾಮ’. ಅದರ ಹೊಟ್ಟೆಯೊಳಗೂ ಸಂಸ್ಕೃತದ ‘ಸಮ’ ಕುಳಿತಿದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಜೋಡಿ. ‘ಬೆರ್ಗಬುಂಗ್’ ಎಂದರೆ ತಾನಾಗಿ ಸೇರುವುದು. ‘ಮೆಂಗ್ಗಬುಂಗ್ಕನ್’ ಎಂದರೆ ಒಂದನ್ನು ಇನ್ನೊಂದಕ್ಕೆ ಸೇರಿಸುವುದು. ಮೂಲ ಒಂದೇ, ಕರ್ತೃ ಬೇರೆ. ಕನ್ನಡದಲ್ಲಿ ಸೇರು, ಸೇರಿಸು. ಮಲಯಾಳದಲ್ಲಿ ಚೇರುಕ, ಚೇರ್ಕ್ಕುಕ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಜಾಯಿನ್’.

ಈ ವ್ಯತ್ಯಾಸವನ್ನು ನಾನು ಮನೆಯಲ್ಲೇ ಕೇಳಿ ಬೆಳೆದವನು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದೊಳಗಾದಾಗ ಅಪ್ಪ ಶಾಲೆಗೆ ಹೋಗುವ ಹುಡುಗ. “ನಾವು ಕೇರಳಕ್ಕೆ ಸೇರಿದೆವು” ಎಂದು ಅವರು ಒಮ್ಮೆಯೂ ಹೇಳಿದ್ದಿಲ್ಲ; “ನಮ್ಮನ್ನು ಸೇರಿಸಿದರು” ಎಂದೇ ಹೇಳುವುದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಅಪ್ಪ ಕನ್ನಡ ಮಾಸ್ತರರಾದರು, ನಿವೃತ್ತರೂ ಆದರು; ಅವರ ಕ್ರಿಯಾಪದ ಬದಲಾಗಲಿಲ್ಲ.

ನಿಘಂಟಿನಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಇಂಡೋನೇಷ್ಯನ್ನಿನಲ್ಲಿ ‘ನಾವು’ ಎನ್ನಲು ಎರಡು ಪದಗಳು. ಕೇಳುವವನನ್ನು ಹೊರಗಿಟ್ಟರೆ ‘ಕಮಿ’, ಒಳಗೊಂಡರೆ ‘ಕಿತ’. “ನಮ್ಮನ್ನು ಬಂದು ಸೇರಿ” ಎಂದು ಕರೆಯುವಾಗ ‘ಕಮಿ’ ಎನ್ನಬೇಕು, ಬರುವವನು ಇನ್ನೂ ಹೊರಗಿದ್ದಾನಲ್ಲ! ಬಂದ ಮೇಲೆ ‘ಕಿತ’. ಮಲಯಾಳದ ‘ಞಙ್ಙಳ್’ ಮತ್ತು ‘ನಮ್ಮಳ್’, ತುಳುವಿನ ‘ಎಂಕುಳು’ ಮತ್ತು ‘ನಮ’ ಇದೇ ಲೆಕ್ಕದವು. ಇಂದಿನ ಕನ್ನಡದಲ್ಲಿ ಮಾತ್ರ ಒಂದೇ ‘ನಾವು’.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಮಲಯಾಳದ ನೋಟೀಸು ಹಿಡಿದು ನಮ್ಮ ಕೌಂಟರಿಗೆ ಬಂದರು. ನಾನು ಓದಿ ಹೇಳಿದೆ. ಪಕ್ಕದ ಮೇಜಿನ ಮಲಯಾಳಿ ಹುಡುಗಿ ನೋಡುತ್ತಿದ್ದವಳು, ಸಂಜೆ ಬಂದು ತನಗೆ ಕನ್ನಡ ಅಕ್ಷರ ಕಲಿಸಿಕೊಡಬೇಕೆಂದು ಕೇಳಿದಳು. ಯಾಕೆಂದು ಕೇಳಿದ್ದಕ್ಕೆ, “ನಮ್ಮುಡೆ ಆಳುಗಳಲ್ಲೇ” ಅಂದಳು. ‘ಞಙ್ಙಳುಡೆ’ ಅನ್ನಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಸ್ವರ, ವ್ಯಂಜನ ನೀನು ಕಲಿಸು. ಒತ್ತಕ್ಷರಕ್ಕೆ ಬಂದಾಗ ನನ್ನ ಹತ್ತಿರ ಕರೆದುಕೊಂಡು ಬಾ” ಅಂದರು.